ಸರ್ವರ್ ಸತ್ತಿಲ್ಲ, ವಿಳಾಸ ಬದಲಾಗಿದೆ

ಮೇ ತಿಂಗಳ ಮಳೆ ನಮ್ಮ ಕಡೆ ಹನಿಗಿಂತ ಮೊದಲು ಸಿಡಿಲಾಗಿ ಬರುತ್ತದೆ. ಅಂಥ ಒಂದು ರಾತ್ರಿ ಕಳೆದ ಮರುದಿನ ಕೂಡ್ಲಿಗಿ ಕಡೆಯ ಒಂದು ಪತ್ತಿನ ಸಂಘದಿಂದ ಫೋನ್ ಬಂತು.

"ಸರ್, ಸರ್ವರ್ ಸತ್ತೈತ್ರಿ. ಒಂದ್ ಸಿಸ್ಟಮ್ಮೂ ತಗಳವಲ್ದು."

"ಸರ್ವರ್ ಮುಂದ ಕುಂತು ನೋಡ್ರಿ. ಅದರಾಗ ಓಪನ್ ಆಕ್ಕತೇನು?"

"ಅದರಾಗ ಆಕ್ಕತ್ರಿ. ಉಳಿದ ಐದರಾಗ ಆಗವಲ್ದು."

ರೋಗ ಏನೆಂದು ಅಲ್ಲಿಗೇ ಗೊತ್ತಾಯಿತು. ಸರ್ವರ್ ಗಟ್ಟಿಮುಟ್ಟಾಗಿತ್ತು, ಸುಟ್ಟಿದ್ದು ರೂಟರ್. ಬೆಳಗ್ಗೆ ಹುಡುಗನೊಬ್ಬ ಹೊಸ ರೂಟರ್ ತಂದು ಸಿಕ್ಕಿಸಿದ್ದ. ಹಳೆಯದು 192.168.1 ಎಂದು ಶುರುವಾಗುವ ಸಂಖ್ಯೆಗಳನ್ನು ಹಂಚುತ್ತಿತ್ತು, ಹೊಸದು 192.168.0 ಎಂದು ಶುರುವಾಗುವವನ್ನು. ಸರ್ವರ್‌ಗೆ ಹೊಸ ಸಂಖ್ಯೆ ಬಂದಿತ್ತು, ಐದು ಸಿಸ್ಟಂಗಳು ಮಾತ್ರ ಹಳೆಯ ಸಂಖ್ಯೆಯ ಬಾಗಿಲನ್ನೇ ಬಡಿಯುತ್ತಿದ್ದವು. ಆ ಸಂಖ್ಯೆಯನ್ನು ಐದೂ ಕಡೆ ಬೇರೆ ಬೇರೆ ಫೋಲ್ಡರಿನ ಫೈಲಿನಲ್ಲಿ ಬರೆದಿಟ್ಟವನು ಕೆಲಸ ಬಿಟ್ಟು ಬೆಂಗಳೂರು ಸೇರಿ ವರ್ಷವಾಗಿತ್ತು. ಹುಡುಕಿ ತಿದ್ದಿದ್ದಾಯಿತು. ಆದರೂ ಹಂಚಿಕೆಯ ಫೋಲ್ಡರ್ ತೆರೆಯಲಿಲ್ಲ. ಹೊಸ ರೂಟರ್ ಕಂಡ ವಿಂಡೋಸ್, ಇದು ಗುರುತಿಲ್ಲದ ನೆಟ್‌ವರ್ಕ್ ಎಂದುಕೊಂಡು 'ಪಬ್ಲಿಕ್' ಎಂದು ಗುರುತು ಹಾಕಿ, ಬಸ್‌ಸ್ಟ್ಯಾಂಡಿನ ವೈಫೈಗೆ ಹಾಕುವಂಥ ಬೇಲಿ ಹಾಕಿಕೊಂಡಿತ್ತು. ಅದನ್ನು 'ಪ್ರೈವೇಟ್' ಮಾಡುವ ಹೊತ್ತಿಗೆ ಊಟದ ವೇಳೆ ದಾಟಿತ್ತು. ಸಾಲದ ಕಂತು ಕಟ್ಟಲು ಬಂದವರಲ್ಲಿ ಅರ್ಧ ಮಂದಿ ಊರಿಗೆ ವಾಪಸು ಹೋಗಿದ್ದರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಲ್ಲಿ ನಾಲ್ಕರಿಂದ ಹತ್ತು ಸಿಸ್ಟಂ ಇಟ್ಟುಕೊಂಡು ಒಂದು ಡೇಟಾಬೇಸ್ ನಂಬಿ ಕೆಲಸ ಮಾಡುವ ಜಾಗಗಳು ಎಣಿಸಿದಷ್ಟೂ ಇವೆ. ಮಂಡಿಯ ದಲ್ಲಾಳಿ ಅಂಗಡಿ, ಸೌಹಾರ್ದ ಸಂಘ, ಶಾಲೆ, ಲ್ಯಾಬು, ಕಾಲೇಜಿನ ಗ್ರಂಥಾಲಯ, ಗೊಬ್ಬರದ ಅಂಗಡಿ. ಇವುಗಳಲ್ಲಿ ಯಾವುದಕ್ಕೂ ಸಂಬಳ ಕೊಟ್ಟು ಇಟ್ಟುಕೊಂಡ ಕಂಪ್ಯೂಟರ್ ಎಂಜಿನಿಯರ್ ಇರುವುದಿಲ್ಲ. ಲೆಕ್ಕ ಬರೆಯುವ ಗುಮಾಸ್ತನೋ, ಕಂಪ್ಯೂಟರ್ ಆಪರೇಟರೋ, ಗ್ರಂಥಪಾಲಕರೋ ಆ ಹೊಣೆ ಹೊತ್ತಿರುತ್ತಾರೆ. ಈ ಲೇಖನ ಅವರಿಗಾಗಿ.

ವಿಳಾಸ ಬದಲಾದರೆ ಏನಾಗುತ್ತದೆಂದು ಹರಪನಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1997ರ ತನಕ ಬಳ್ಳಾರಿ ಜಿಲ್ಲೆ, ಆ ವರ್ಷ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅದರ ಪಾಲು. ಸಂವಿಧಾನದ 371 ಜೆ ವಿಧಿಯ ವಿಶೇಷ ಸೌಲಭ್ಯಕ್ಕಾಗಿ ಹೋರಾಟ ನಡೆದು 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳ ಜೊತೆ ಅಲ್ಲಿಗೆ. ಊರು ಒಂದಡಿ ಕದಲಿಲ್ಲ. ಪಿನ್ ಕೋಡ್ 583131, ಅದೂ ಕದಲಲಿಲ್ಲ. ಪ್ರತಿ ಸದಸ್ಯನ ಹೆಸರಿನ ಮುಂದೆಯೂ ಜಿಲ್ಲೆಯನ್ನು ಟೈಪು ಮಾಡಿಟ್ಟವರಿಗೆ ಪ್ರತಿ ಬಾರಿಯೂ ಸಾವಿರಾರು ಸಾಲು ತಿದ್ದುವ ಕೆಲಸ. ಯಾವ ತಾಲ್ಲೂಕು ಯಾವ ಜಿಲ್ಲೆಗೆ ಎಂಬುದನ್ನು ಒಂದು ಕೋಷ್ಟಕದಲ್ಲಿ ಬೇರೆ ಇಟ್ಟು ಉಳಿದೆಲ್ಲ ಕಡೆ ಅದರತ್ತ ಬೆರಳು ತೋರಿಸಿದವರಿಗೆ ಒಂದೇ ಸಾಲಿನ ಕೆಲಸ.

ಸರ್ವರ್‌ನ ವಿಳಾಸಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಅದನ್ನು ಒಂದೇ ಕಡೆ ಬರೆಯಿರಿ, ಒಂದೇ ಕೈ ಬರೆಯಲಿ, ಉಳಿದವರು ಓದಿಕೊಳ್ಳಲಿ. ಕೇಳಲು ಸುಲಭ, ಮಾಡಲು ಸ್ವಲ್ಪ ತಿಳಿದಿರಬೇಕು.

ಎರಡು ಬಗೆಯ ಕಾನ್ಫಿಗ್ ಫೈಲ್

ಕಾನ್ಫಿಗ್ ಫೈಲ್ ಎಂದರೆ ಬರೀ ಅಕ್ಷರದ ಫೈಲ್. ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಆದರೆ ಅದರಲ್ಲಿ ಎರಡು ಜಾತಿ ಇದೆ. ಈ ವ್ಯತ್ಯಾಸ ತಲೆಗೆ ಹೋದರೆ ಅರ್ಧ ಗೊಂದಲ ತೀರುತ್ತದೆ.

ಮೊದಲನೆಯದು ಸರ್ವರ್ ತನಗಾಗಿ ಓದಿಕೊಳ್ಳುವ ಫೈಲ್. ಯಾವ ಬಾಗಿಲಲ್ಲಿ ಕೂರಬೇಕು, ಎಷ್ಟು ಮಂದಿಯನ್ನು ಒಳಬಿಡಬೇಕು, ಎಷ್ಟು ಮೆಮೊರಿ ಬಳಸಬೇಕು ಎಂಬುದೆಲ್ಲ ಅದರಲ್ಲಿ. ಮೈಎಸ್‌ಕ್ಯುಎಲ್‌ಗೆ ವಿಂಡೋಸಿನಲ್ಲಿ ಮೈ ಡಾಟ್ ಐಎನ್‌ಐ, ಲಿನಕ್ಸಿನಲ್ಲಿ ಮೈ ಡಾಟ್ ಸಿಎನ್‌ಎಫ್. ಪೋಸ್ಟ್‌ಗ್ರೆಸ್‌ಗೆ ಪೋಸ್ಟ್‌ಗ್ರೆಸ್‌ಕ್ಯುಎಲ್ ಡಾಟ್ ಕಾನ್ಫ್, ಅದರ ಜೊತೆಗೆ ಯಾರನ್ನು ಒಳಬಿಡಬೇಕೆಂದು ಹೇಳುವ ಪಿಜಿ ಎಚ್‌ಬಿಎ ಡಾಟ್ ಕಾನ್ಫ್. ಒರಾಕಲ್‌ಗೆ ಲಿಸನರ್ ಡಾಟ್ ಓರಾ. ಈ ಫೈಲುಗಳನ್ನು ಹಂಚಿಕೆಯ ಫೋಲ್ಡರಿಗೆ ಎಂದೂ ತರಬೇಡಿ. ಅವು ಸರ್ವರ್‌ನ ಹೊಟ್ಟೆಯೊಳಗೇ ಇರಲಿ.

ಎರಡನೆಯದು ಉಳಿದ ಸಿಸ್ಟಂಗಳು ಓದುವ ಫೈಲ್. ಅದು ಹೇಳುವುದು ಇಷ್ಟೇ: ಸರ್ವರ್ ಎಲ್ಲಿದೆ, ಯಾವ ಪೋರ್ಟ್, ಯಾವ ಡೇಟಾಬೇಸ್. ಒರಾಕಲ್‌ನಲ್ಲಿ ಇದು ಟಿಎನ್‌ಎಸ್‌ನೇಮ್ಸ್ ಡಾಟ್ ಓರಾ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಸರ್ವಿಸ್ ಡಾಟ್ ಕಾನ್ಫ್, ಎಷ್ಟೋ ಮಂದಿಗೆ ಇದು ಇದೆಯೆಂದೇ ಗೊತ್ತಿಲ್ಲ. ಊರಿನ ಯಾರೋ ಬರೆದುಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರ್ ಆದರೆ ಅದರ ಫೋಲ್ಡರಿನಲ್ಲೇ ಕೊನೆಗೆ ಡಾಟ್ ಕಾನ್ಫಿಗ್ ಅಥವಾ ಡಾಟ್ ಐಎನ್‌ಐ ಎಂದಿರುವ ಒಂದು ಫೈಲ್. ಟ್ಯಾಲಿಯಲ್ಲಿ ಟ್ಯಾಲಿ ಡಾಟ್ ಐಎನ್‌ಐ. ಹಂಚಬೇಕಾದದ್ದು, ಒಂದು ಕಡೆ ಕೂಡಿಸಿಡಬೇಕಾದದ್ದು ಈ ಎರಡನೇ ಜಾತಿಯನ್ನು.

ಟ್ಯಾಲಿ ಬಗ್ಗೆ ಎರಡು ಮಾತು, ಏಕೆಂದರೆ ಮಂಡಿಯಲ್ಲಿ ಹೆಚ್ಚು ಕಾಣುವುದು ಅದೇ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರು ಮಾಡಿದ ಕಂಪನಿ ಇಂದು ಬೆಂಗಳೂರಿನ ಟ್ಯಾಲಿ ಸೊಲ್ಯೂಷನ್ಸ್. ಅದರ ಗೋಲ್ಡ್ ಲೈಸೆನ್ಸ್ ಇದ್ದರೆ ಒಂದೇ ನೆಟ್‌ವರ್ಕಿನ ಹಲವು ಸಿಸ್ಟಂಗಳು ಒಂದೇ ಡೇಟಾ ಫೋಲ್ಡರನ್ನು ತೆರೆಯಬಹುದು, ಸಿಲ್ವರ್ ಒಬ್ಬರಿಗೆ ಮಾತ್ರ. ಪ್ರತಿ ಸಿಸ್ಟಂನ ಟ್ಯಾಲಿ ಡಾಟ್ ಐಎನ್‌ಐಯಲ್ಲಿ 'ಡೇಟಾ' ಎಂದು ಶುರುವಾಗುವ ಒಂದು ಸಾಲಿರುತ್ತದೆ. ಆ ಸಾಲು ಎಲ್ಲ ಸಿಸ್ಟಂಗಳಲ್ಲೂ ಒಂದೇ ಫೋಲ್ಡರನ್ನು ತೋರಿಸಬೇಕು. ಒಂದು ಸಿಸ್ಟಂ ತಪ್ಪಿ ತನ್ನದೇ ಡಿಸ್ಕಿನ ಫೋಲ್ಡರ್ ತೋರಿಸುತ್ತಿದ್ದರೆ ಗುಮಾಸ್ತ ವಾರಗಟ್ಟಲೆ ಬೇರೆಯೇ ಖಾತೆಯಲ್ಲಿ ದಲಾಲಿ ಪಟ್ಟಿ ಏರಿಸುತ್ತಿರುತ್ತಾನೆ. ಲೆಕ್ಕ ತಾಳೆಯಾಗದೆ ಹೋದಾಗ ಬೈಗುಳ ತಿನ್ನುವವನೂ ಅವನೇ.

ಸಂಖ್ಯೆ ಬೇಡ, ಹೆಸರು ಇಡಿ

ಕೂಡ್ಲಿಗಿಯ ಆ ಸಂಘದಲ್ಲಿ ಮೊದಲ ತಪ್ಪು ನಡೆದದ್ದು ಇಲ್ಲೇ. ಫೈಲಿನಲ್ಲಿ 192.168.1.10 ಎಂದು ಬರೆದಿತ್ತು. ಅದರ ಬದಲು ಸರ್ವರ್ ಕಂಪ್ಯೂಟರಿನ ಹೆಸರು ಬರೆದಿದ್ದರೆ ರೂಟರ್ ಹತ್ತು ಸಲ ಬದಲಾದರೂ ಆ ಸಾಲನ್ನು ಮುಟ್ಟಬೇಕಿರಲಿಲ್ಲ.

ವಿಂಡೋಸ್ ಹಾಕುವಾಗ ಕಂಪ್ಯೂಟರಿಗೆ 'ಡೆಸ್ಕ್‌ಟಾಪ್' ಎಂದು ಶುರುವಾಗಿ ಕೊನೆಗೆ ಅರ್ಥವಿಲ್ಲದ ಅಕ್ಷರಗಳಿರುವ ಹೆಸರೊಂದು ತಾನಾಗಿ ಬರುತ್ತದೆ. ಅದನ್ನು ಬದಲಿಸಿ ಚಿಕ್ಕ, ನೆನಪಿರುವ, ಇಂಗ್ಲಿಷ್ ಅಕ್ಷರದ ಹೆಸರಿಡಿ. 15 ಅಕ್ಷರ ಮೀರಬಾರದು, ನಡುವೆ ಜಾಗ ಬೇಡ. ಕಂಪನಿಯ ಹೆಸರನ್ನೋ ಮಾಲೀಕರ ಹೆಸರನ್ನೋ ಇಡಬೇಡಿ, ಅವೂ ಬದಲಾಗುತ್ತವೆ. 'ಲೆಕ್ಕ' ಅಂತಿಟ್ಟರೂ ಸಾಕು. ನಾಳೆ ಹಳೆಯ ಸರ್ವರ್ ಹೋಗಿ ಹೊಸದು ಬಂದಾಗ ಹೊಸದಕ್ಕೂ ಅದೇ ಹೆಸರು ಕೊಟ್ಟರೆ ಮುಗಿಯಿತು. ಹಳೆಯದನ್ನು ಮೊದಲು ನೆಟ್‌ವರ್ಕಿನಿಂದ ಕಿತ್ತು ಹಾಕಿ. ಒಂದೇ ಹೆಸರಿನ ಇಬ್ಬರು ಒಂದೇ ಓಣಿಯಲ್ಲಿದ್ದರೆ ಪೋಸ್ಟ್‌ಮ್ಯಾನ್ ಗತಿ ಏನು?

ಹೆಸರಿಟ್ಟ ಮೇಲೂ ಸರ್ವರ್‌ನ ಸಂಖ್ಯೆ ಸ್ಥಿರವಾಗಿರುವುದು ಒಳ್ಳೆಯದು. ರೂಟರಿನ ಸೆಟ್ಟಿಂಗ್ ಪುಟದಲ್ಲಿ 'ಅಡ್ರೆಸ್ ರಿಸರ್ವೇಶನ್' ಎಂಬ ಜಾಗವಿರುತ್ತದೆ. ಅಲ್ಲಿ ಸರ್ವರ್‌ನ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ಸಂಖ್ಯೆಯನ್ನು ಕೊಟ್ಟು ಇಂಥದ್ದೇ ಐಪಿ ಸಂಖ್ಯೆ ಕೊಡು ಎಂದು ಕಟ್ಟಿಹಾಕಬಹುದು. ಸರ್ವರಿನಲ್ಲೇ ಕೈಯಿಂದ ಐಪಿ ಬರೆಯುವ ರೂಢಿಯೂ ಇದೆ. ನನಗೆ ಅದು ಅಷ್ಟು ಇಷ್ಟವಿಲ್ಲ. ರೂಟರ್ ಅದೇ ಸಂಖ್ಯೆಯನ್ನು ಯಾರದೋ ಮೊಬೈಲಿಗೆ ಹಂಚಿ ಇಬ್ಬರಿಗೂ ಜಗಳ ಹಚ್ಚಿದ್ದನ್ನು ನೋಡಿದ್ದೇನೆ. ಯಾವುದಾದರೂ ಸಿಸ್ಟಂನ ಸಂಖ್ಯೆ 169.254 ಎಂದು ಶುರುವಾಗಿದ್ದರೆ ಅದಕ್ಕೆ ರೂಟರ್ ಸಿಕ್ಕೇ ಇಲ್ಲ ಎಂದರ್ಥ. ಕಾನ್ಫಿಗ್ ಫೈಲನ್ನು ಬಿಟ್ಟು ಕೇಬಲ್ ನೋಡಿ. ನಮ್ಮ ಕಡೆ ಅರ್ಧ ಸಲ ಇಲಿಯೇ ಅಪರಾಧಿ.

ಫೋಲ್ಡರ್ ಹಂಚುವ ಬಗೆ

ಈಗ ಮುಖ್ಯ ಕೆಲಸ. ಎರಡನೇ ಜಾತಿಯ ಫೈಲನ್ನು ಒಂದು ಫೋಲ್ಡರಿನಲ್ಲಿಟ್ಟು ಆ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಹಂಚುವುದು.

ಫೋಲ್ಡರ್ ಯಾವ ಸಿಸ್ಟಂನಲ್ಲಿರಬೇಕು? ಡೇಟಾಬೇಸ್ ಇರುವ ಸರ್ವರಿನಲ್ಲೇ. ಕೆಲವರು ಸಾಹೇಬರ ಸಿಸ್ಟಂನಲ್ಲಿ ಇಡುತ್ತಾರೆ. ಸಾಹೇಬರು ಹರಪನಹಳ್ಳಿಗೆ ಮೀಟಿಂಗಿಗೆ ಹೋಗುವಾಗ ಸಿಸ್ಟಂ ಆಫ್ ಮಾಡಿ ಹೋಗುತ್ತಾರೆ, ಸರ್ವರ್ ಓಡುತ್ತಿದ್ದರೂ ಅದು ಎಲ್ಲಿದೆಯೆಂದು ಹೇಳುವವರು ಉಳಿಯುವುದಿಲ್ಲ. ಸರ್ವರಿನಲ್ಲೇ ಇಟ್ಟರೆ ಈ ತೊಡಕಿಲ್ಲ. ಅದು ಆಫ್ ಆದ ದಿನ ವಿಳಾಸ ಸಿಕ್ಕರೂ ಪ್ರಯೋಜನವಿಲ್ಲವಲ್ಲ.

ಹಂಚುವಾಗ ಎಲ್ಲರಿಗೂ ಓದುವ ಹಕ್ಕು ಕೊಡಿ, ಬರೆಯುವ ಹಕ್ಕು ಒಬ್ಬರಿಗೆ ಮಾತ್ರ. ವಿಂಡೋಸಿನಲ್ಲಿ ಈ ಹಕ್ಕು ಎರಡು ಕಡೆ ಇರುತ್ತದೆ, 'ಶೇರಿಂಗ್' ಎಂಬಲ್ಲಿ ಒಂದು, 'ಸೆಕ್ಯುರಿಟಿ' ಎಂಬಲ್ಲಿ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ತೆರೆಯುವಂತೆ ಹಂಚುವುದು ನಮ್ಮ ಕಡೆ ಮಾಮೂಲು. ಆದರೆ ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯಿಂದ ಅಂಥ ಅತಿಥಿ ಪ್ರವೇಶ ಮೊದಲೇ ಮುಚ್ಚಿರುತ್ತದೆ. ಹೊಸ ಸಿಸ್ಟಂ ಕೊಂಡು ತಂದ ದಿನ "ಹಳೇವರಾಗ ಓಪನ್ ಆಕ್ಕತಿ, ಹೊಸಾದ್ರಾಗ ಆಗವಲ್ದು" ಎಂಬ ದೂರಿಗೆ ಕಾರಣ ಬಹಳ ಸಲ ಇದೇ. ಸರ್ವರಿನಲ್ಲಿ ಪಾಸ್‌ವರ್ಡ್ ಇರುವ ಒಂದು ಬಳಕೆದಾರ ಹೆಸರು ಮಾಡಿ, ಎಲ್ಲ ಸಿಸ್ಟಂಗಳಲ್ಲೂ ಅದನ್ನು ಒಮ್ಮೆ ಕೊಟ್ಟುಬಿಡಿ.

ಟ್ಯಾಲಿ ಡೇಟಾ ಫೋಲ್ಡರಿನ ಮಾತು ಬೇರೆ. ಅದಕ್ಕೆ ಎಲ್ಲರಿಗೂ ಬರೆಯುವ ಹಕ್ಕು ಬೇಕೇ ಬೇಕು, ಇಲ್ಲದಿದ್ದರೆ ವೋಚರ್ ಸೇವ್ ಆಗುವುದಿಲ್ಲ. ಹಾಗಾಗಿ ಕಾನ್ಫಿಗ್‌ಗೆ ಒಂದು ಫೋಲ್ಡರ್, ಡೇಟಾಕ್ಕೆ ಇನ್ನೊಂದು. ಎರಡನ್ನೂ ಬೆರೆಸಬೇಡಿ.

ಮುಂದೆ, ಉಳಿದ ಸಿಸ್ಟಂಗಳಿಗೆ ಈ ಫೋಲ್ಡರಿನ ದಾರಿ ತೋರಿಸಬೇಕು. ಒರಾಕಲ್ ಆದರೆ ಪ್ರತಿ ಸಿಸ್ಟಂನಲ್ಲಿ 'ಟಿಎನ್‌ಎಸ್ ಅಡ್ಮಿನ್' ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಮಾಡಿ, ಹಂಚಿದ ಫೋಲ್ಡರಿನ ದಾರಿಯನ್ನು ಅದಕ್ಕೆ ಕೊಟ್ಟರೆ ಸಾಕು. ಒರಾಕಲ್ ತನ್ನ ಫೋಲ್ಡರ್ ಬಿಟ್ಟು ಅಲ್ಲಿ ಹುಡುಕುತ್ತದೆ. ಒಂದೇ ಸಿಸ್ಟಂನಲ್ಲಿ ಎರಡು ಮೂರು ಸಲ ಒರಾಕಲ್ ಹಾಕಿದ್ದಾಗ ಯಾವ ಟಿಎನ್‌ಎಸ್‌ನೇಮ್ಸ್ ಓದುತ್ತಿದೆಯೆಂಬ ತಲೆನೋವಿಗೂ ಇದೇ ಮದ್ದು. ಕಾಲೇಜು ಲ್ಯಾಬುಗಳಲ್ಲಿ ಈ ತಲೆನೋವು ಸಾಮಾನ್ಯ, ಪ್ರತಿ ಬ್ಯಾಚಿನ ಹುಡುಗರು ಒಂದೊಂದು ಸಲ ಹಾಕಿರುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಇದೇ ಕೆಲಸಕ್ಕೆ 'ಪಿಜಿ ಸರ್ವಿಸ್ ಫೈಲ್' ಎಂಬ ವೇರಿಯಬಲ್ ಇದೆ.

ದಾರಿ ಬರೆಯುವಾಗ ಝಡ್ ಡ್ರೈವ್, ವೈ ಡ್ರೈವ್ ಎಂದು ಅಕ್ಷರ ಕೊಟ್ಟ ಡ್ರೈವ್ ಬಳಸಬೇಡಿ. ಎರಡು ಬ್ಯಾಕ್‌ಸ್ಲ್ಯಾಶ್ ಓರೆಗೆರೆ ಹಾಕಿ, ಸರ್ವರ್ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಶ್, ಫೋಲ್ಡರ್ ಹೆಸರು ಎಂದು ಪೂರ್ತಿ ಬರೆಯಿರಿ. ಡ್ರೈವ್ ಅಕ್ಷರ ಆ ಬಳಕೆದಾರ ಲಾಗಿನ್ ಆದಾಗ ಹುಟ್ಟುತ್ತದೆ, ಅವನಿಗೆ ಮಾತ್ರ ಕಾಣುತ್ತದೆ. ರಾತ್ರಿ ಬ್ಯಾಕಪ್ ತೆಗೆಯುವಂಥ ಸರ್ವಿಸ್‌ಗಳು ಹಿನ್ನೆಲೆಯಲ್ಲಿ ಬೇರೆ ಹೆಸರಿನಲ್ಲಿ ಓಡುತ್ತವೆ. ಅವಕ್ಕೆ ಝಡ್ ಎಂಬ ಡ್ರೈವ್ ಇದೆಯೆಂದೇ ಗೊತ್ತಿರುವುದಿಲ್ಲ. ಹಗಲು ಎಲ್ಲ ಸರಿ, ರಾತ್ರಿಯ ಬ್ಯಾಕಪ್ ಮಾತ್ರ ಆರು ತಿಂಗಳಿಂದ ಆಗೇ ಇಲ್ಲ ಎಂಬುದು ಹೀಗೆಯೇ.

ಹಂಚಿಕೆ ಎಂದಾಕ್ಷಣ ಡೇಟಾಬೇಸ್ ಫೈಲನ್ನೇ ಹಂಚಿಕೆಯ ಫೋಲ್ಡರಿನಲ್ಲಿಟ್ಟು ಎಲ್ಲರೂ ತೆರೆಯೋಣ ಎಂಬ ಯೋಚನೆ ಬರುತ್ತದೆ. ಅದಕ್ಕೆಂದೇ ಮಾಡಿದ ಟ್ಯಾಲಿ ಬಿಟ್ಟರೆ ಉಳಿದದ್ದಕ್ಕೆ ಬೇಡ. ಎಸ್‌ಕ್ಯುಲೈಟ್ ಬರೆದವರೇ ನೆಟ್‌ವರ್ಕ್ ಫೋಲ್ಡರಿನಲ್ಲಿ ಇಡಬೇಡಿ ಎಂದು ಎಚ್ಚರಿಸಿದ್ದಾರೆ. ಬೀಗ ಹಾಕುವ ವ್ಯವಸ್ಥೆ ನೆಟ್‌ವರ್ಕಿನ ಮೇಲೆ ಸರಿಯಾಗಿ ನಡೆಯದೆ ಫೈಲ್ ಕೆಡುತ್ತದೆ. ಆಕ್ಸೆಸ್ ಬಳಸುವ ಹಳೆಯ ಸಾಫ್ಟ್‌ವೇರ್ ಇದ್ದರೆ ಫಾರ್ಮುಗಳ ಭಾಗವನ್ನು ಪ್ರತಿ ಸಿಸ್ಟಂನಲ್ಲಿ ಬೇರೆ ಮಾಡಿ, ಕೋಷ್ಟಕಗಳನ್ನು ಮಾತ್ರ ಸರ್ವರಿನಲ್ಲಿಡಿ, ವೈಫೈ ಬಿಟ್ಟು ಕೇಬಲ್ ಎಳೆಸಿ.

ಪಾಸ್‌ವರ್ಡನ್ನು ಈ ಹಂಚಿಕೆಯ ಫೈಲಿನಲ್ಲಿ ಬರೆಯಬೇಡಿ. ಡೇಟಾಬೇಸ್‌ಗಳಿಗೇ ಈ ವಿಷಯದಲ್ಲಿ ನಮಗಿಂತ ಬುದ್ಧಿ ಹೆಚ್ಚು. ಲಿನಕ್ಸಿನಲ್ಲಿ ಯಾರು ಬೇಕಾದರೂ ತಿದ್ದುವಂತಿರುವ ಮೈ ಡಾಟ್ ಸಿಎನ್‌ಎಫ್ ಅನ್ನು ಮೈಎಸ್‌ಕ್ಯುಎಲ್ ಓದುವುದೇ ಇಲ್ಲ, ಎಚ್ಚರಿಕೆ ಕೊಟ್ಟು ಪಕ್ಕಕ್ಕಿಡುತ್ತದೆ. ಪೋಸ್ಟ್‌ಗ್ರೆಸ್‌ನ ಪಾಸ್‌ವರ್ಡ್ ಫೈಲೂ ಅಲ್ಲಿ ಹಾಗೆಯೇ, ಬೇರೆಯವರಿಗೆ ಕಾಣುವಂತಿದ್ದರೆ ಅದನ್ನು ಬಳಸುವುದಿಲ್ಲ.

ನೋಟ್‌ಪ್ಯಾಡಿನ ಕಿತಾಪತಿ

ಫೈಲ್ ತಿದ್ದುವುದು ಅಕ್ಷರ ಬಲ್ಲ ಯಾರಿಗಾದರೂ ಬರುತ್ತದೆ, ಹಾಗಾಗಿಯೇ ಹೆಚ್ಚು ಕೆಡುವುದು ಅಲ್ಲೇ. ನೋಟ್‌ಪ್ಯಾಡಿನಲ್ಲಿ ಹೊಸದಾಗಿ ಬರೆದು ಟಿಎನ್‌ಎಸ್‌ನೇಮ್ಸ್ ಡಾಟ್ ಓರಾ ಎಂದು ಸೇವ್ ಮಾಡಿದರೆ ಕೊನೆಗೆ ಕಾಣದಂತೆ ಒಂದು ಡಾಟ್ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ. ಫೋಲ್ಡರಿನಲ್ಲಿ ನೋಡಿದರೆ ಹೆಸರು ಸರಿ ಇರುವಂತೆಯೇ ಕಾಣುತ್ತದೆ, ಒರಾಕಲ್‌ಗೆ ಮಾತ್ರ ಫೈಲ್ ಸಿಗುವುದಿಲ್ಲ. ಫೈಲ್ ಎಕ್ಸ್‌ಟೆನ್ಶನ್ ತೋರಿಸು ಎಂಬ ಆಯ್ಕೆಯನ್ನು ಇವತ್ತೇ ಹಾಕಿಕೊಳ್ಳಿ. ಹಳೆಯ ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಎಂದು ಸೇವ್ ಮಾಡಿದರೆ ಫೈಲಿನ ತಲೆಗೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಂಡು ಮೊದಲ ಸಾಲು ಕೆಡುತ್ತದೆ. ಟಿಎನ್‌ಎಸ್‌ನೇಮ್ಸ್‌ನಲ್ಲಿ ಒಂದು ಆವರಣ ಚಿಹ್ನೆ ಮುಚ್ಚಲು ಮರೆತರೆ ಆ ನಮೂದಷ್ಟೇ ಅಲ್ಲ, ಅದರ ಕೆಳಗಿನವೂ ಕೆಟ್ಟುಹೋಗಬಹುದು.

ಇನ್ನೊಂದು ನಮ್ಮದೇ ಆದ ತೊಂದರೆ. ನುಡಿಯೋ ಬರಹವೋ ಚಾಲೂ ಇರುವಾಗಲೇ ಕಾನ್ಫಿಗ್ ತೆರೆದು ತಿದ್ದುವುದು. ಒಂದು ಅಕ್ಷರ ಎಲ್ಲೋ ಸೇರಿಕೊಂಡಿರುತ್ತದೆ, ಹುಡುಕಿದರೂ ಸಿಗುವುದಿಲ್ಲ. ಕನ್ನಡ ಕೀಲಿಮಣೆ ಮೊದಲು ಆಫ್ ಮಾಡಿ.

ಎಂಜಿನಿಯರ್ ವಾಟ್ಸ್ಯಾಪಿನಲ್ಲಿ ಕಳಿಸಿದ ಸಾಲನ್ನು ಅಂಟಿಸುವುದೂ ಅಷ್ಟೇ ಅಪಾಯ. ಎರಡು ನಕ್ಷತ್ರ ಚಿಹ್ನೆಗಳ ನಡುವೆ ಇರುವುದನ್ನು ವಾಟ್ಸ್ಯಾಪ್ ದಪ್ಪ ಅಕ್ಷರ ಮಾಡಿ ನಕ್ಷತ್ರಗಳನ್ನೇ ಮರೆ ಮಾಡುತ್ತದೆ. ಟೈಪು ಮಾಡುವಾಗ ನೇರ ಉದ್ಧರಣ ಚಿಹ್ನೆಯನ್ನು ಫೋನು ಡೊಂಕು ಮಾಡಿಬಿಟ್ಟಿರಬಹುದು. ಡೊಂಕಾದದ್ದನ್ನು ಡೇಟಾಬೇಸ್ ಒಪ್ಪುವುದಿಲ್ಲ. ಸಾಲು ಬೇಡ, ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಕೇಳಿ.

ಸರ್ವರ್ ಒಳಗಿನ ನಾಲ್ಕು ಸಾಲು

ಸರ್ವರ್‌ನ ಫೈಲಿನಲ್ಲಿ ನೂರಾರು ಸಾಲಿದ್ದರೂ ಸಣ್ಣ ಆಫೀಸು ಮುಟ್ಟಬೇಕಾದವು ಕೆಲವೇ. ಪೋಸ್ಟ್‌ಗ್ರೆಸ್ ಹಾಕಿದ ಹೊಸತರಲ್ಲಿ ತನ್ನ ಸಿಸ್ಟಂನ ಮಾತು ಬಿಟ್ಟು ಬೇರೆಯವರದನ್ನು ಕೇಳುವುದಿಲ್ಲ. 'ಲಿಸನ್ ಅಡ್ರೆಸಸ್' ಎಂಬ ಸಾಲು ತಿದ್ದಿ, ಪಿಜಿ ಎಚ್‌ಬಿಎ ಫೈಲಿನಲ್ಲಿ ನಿಮ್ಮ ನೆಟ್‌ವರ್ಕಿಗೆ ಒಂದು ಸಾಲು ಸೇರಿಸಬೇಕು. ಆ ಸಾಲಿನಲ್ಲಿ ನಿಮ್ಮ ಆಫೀಸಿನ ಸಂಖ್ಯೆಗಳನ್ನಷ್ಟೇ ಬರೆಯಿರಿ, ಇಡೀ ಜಗತ್ತಿಗೆ ಬಾಗಿಲು ತೆರೆಯಬೇಡಿ. 'ಟ್ರಸ್ಟ್' ಎಂದು ಬರೆದರೆ ಪಾಸ್‌ವರ್ಡ್ ಕೇಳದೆ ಒಳಬಿಡು ಎಂದರ್ಥ. ಹೆಸರಿಗೆ ಮೋಸಹೋಗಬೇಡಿ. ಆ ಸಾಲಿನಲ್ಲಿ ಸಂಖ್ಯೆ ಬರೆದಿರುವುದರಿಂದ ರೂಟರ್ ಬದಲಾದ ದಿನ ಅದನ್ನೂ ನೆನಪಿಟ್ಟು ನೋಡಬೇಕು. ಮೈಎಸ್‌ಕ್ಯುಎಲ್‌ನಲ್ಲಿ 'ಲಿಸನ್ ಅಡ್ರೆಸಸ್' ಮಾಡುವ ಕೆಲಸ 'ಬೈಂಡ್ ಅಡ್ರೆಸ್' ಎಂಬ ಸಾಲಿನದು. ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್‌ನಲ್ಲಿ ಟಿಸಿಪಿ ಐಪಿ ಎಂಬುದು ಮೊದಲಿಗೆ ಆಫ್ ಇರುತ್ತದೆ, ಅದರ ಕಾನ್ಫಿಗರೇಶನ್ ಮ್ಯಾನೇಜರಿಗೆ ಹೋಗಿ ಆನ್ ಮಾಡಬೇಕು.

ಪೋರ್ಟ್ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದು ಅಂಟಿಸಬಹುದು: ಮೈಎಸ್‌ಕ್ಯುಎಲ್ 3306, ಪೋಸ್ಟ್‌ಗ್ರೆಸ್ 5432, ಒರಾಕಲ್ 1521, ಎಸ್‌ಕ್ಯುಎಲ್ ಸರ್ವರ್ 1433. ವಿಂಡೋಸ್ ಫೈರ್‌ವಾಲಿನಲ್ಲಿ ನಿಮಗೆ ಬೇಕಾದ ಒಂದನ್ನು ಮಾತ್ರ ತೆರೆಯಿರಿ. ಫೈರ್‌ವಾಲನ್ನೇ ಆಫ್ ಮಾಡಿ "ಈಗ ಬಂತು ನೋಡ್ರಿ" ಎನ್ನುವ ಎಂಜಿನಿಯರ್‌ಗೆ ಇನ್ನೊಂದು ಸಲ ಫೋನ್ ಮಾಡಬೇಡಿ.

ಒಂದು ಗೊಂದಲ ಎಲ್ಲರನ್ನೂ ಕಾಡುತ್ತದೆ. ಮೈಎಸ್‌ಕ್ಯುಎಲ್ ಹಲವು ಫೈಲುಗಳನ್ನು ಒಂದಾದ ಮೇಲೊಂದು ಓದುತ್ತದೆ, ಒಂದೇ ಸಾಲು ಎರಡು ಕಡೆ ಇದ್ದರೆ ಕೊನೆಗೆ ಓದಿದ್ದು ಗೆಲ್ಲುತ್ತದೆ. ಪಿಜಿ ಎಚ್‌ಬಿಎಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಮೇಲಿನಿಂದ ಓದುತ್ತ ಬಂದು ಮೊದಲು ಹೊಂದಿದ ಸಾಲಿಗೇ ನಿಂತುಬಿಡುತ್ತದೆ. ಅದರಲ್ಲಿ ಹೊಸ ಸಾಲನ್ನು ತಳದಲ್ಲಿ ಸೇರಿಸಿ ಏಕೆ ಕೆಲಸ ಮಾಡುತ್ತಿಲ್ಲ ಎಂದು ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ. ಸರ್ವರ್ ಯಾವ ಫೈಲ್ ಓದುತ್ತಿದೆ ಎಂಬ ಅನುಮಾನ ಬಂದರೆ ಊಹಿಸಬೇಡಿ, ಅದನ್ನೇ ಕೇಳಿ. ಪೋಸ್ಟ್‌ಗ್ರೆಸ್‌ನಲ್ಲಿ 'ಶೋ ಕಾನ್ಫಿಗ್ ಫೈಲ್' ಎಂದರೆ ಪೂರ್ತಿ ದಾರಿ ಹೇಳುತ್ತದೆ. ವಿಂಡೋಸಿನ ಮೈಎಸ್‌ಕ್ಯುಎಲ್ ಫೈಲ್ ಸಾಮಾನ್ಯವಾಗಿ 'ಪ್ರೋಗ್ರಾಂ ಡೇಟಾ' ಎಂಬ ಬಚ್ಚಿಟ್ಟ ಫೋಲ್ಡರಿನಲ್ಲಿರುತ್ತದೆ. ಜನ 'ಪ್ರೋಗ್ರಾಂ ಫೈಲ್ಸ್'ನಲ್ಲಿ ಹುಡುಕಿ, ಸಿಗದೆ, ಹೊಸದೊಂದು ಬರೆದಿಟ್ಟು ಬರುತ್ತಾರೆ.

ಕನ್ನಡ ಹೆಸರುಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಂದರೆ ಅದಕ್ಕೂ ಕಾನ್ಫಿಗ್ ಕಾರಣವಿರಬಹುದು. ಮೈಎಸ್‌ಕ್ಯುಎಲ್‌ನ 5ರ ಸರಣಿಯಲ್ಲಿ ಮೊದಲಿಗೆ ಬರುತ್ತಿದ್ದ ಅಕ್ಷರ ಸಂಕೇತ ಲ್ಯಾಟಿನ್ 1, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. 8ರಿಂದ ಯುಟಿಎಫ್-8 ಎಂಬಿ4 ತಾನಾಗಿ ಬರುತ್ತದೆ. ಹೀಗೆ ಒಮ್ಮೆ ಪ್ರಶ್ನಾರ್ಥಕವಾಗಿಯೇ ಸೇವ್ ಆದ ಹೆಸರು ಆಮೇಲೆ ಏನು ತಿದ್ದಿದರೂ ವಾಪಸು ಬರುವುದಿಲ್ಲ. ಕೊಟ್ರೇಶಪ್ಪನೋ ಹುಲಿಗೆಮ್ಮನೋ ಎಂದು ಕಾಗದದ ಅರ್ಜಿ ಹುಡುಕಬೇಕು.

ಕಾರಣಿಕದ ನುಡಿ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರಣಿಕ, ಅಂದರೆ ಭವಿಷ್ಯದ ನುಡಿ, ನುಡಿದು ಇಳಿಯುತ್ತಾನೆ. ಮಳೆಗೋ, ಬೆಳೆಗೋ, ರಾಜಕೀಯಕ್ಕೋ ಎಂದು ಜನ ವರ್ಷವಿಡೀ ಅರ್ಥ ಹಚ್ಚುತ್ತಾರೆ. ಡೇಟಾಬೇಸಿನ ಎರರ್ ಮೆಸೇಜನ್ನೂ ನಮ್ಮವರು ಹಾಗೆಯೇ ನೋಡುತ್ತಾರೆ. ಅದು ಕಾರಣಿಕವಲ್ಲ, ಅದಕ್ಕೆ ಒಂದೇ ಅರ್ಥ.

ಒರಾಕಲ್‌ನಲ್ಲಿ 12154 ಎಂದು ಬಂದರೆ ನೀವು ಹೇಳಿದ ಹೆಸರು ಫೈಲಿನಲ್ಲಿ ಸಿಗಲಿಲ್ಲ ಎಂದರ್ಥ. ಸರ್ವರ್ ತನಕ ಮಾತು ಹೋಗಿಯೇ ಇಲ್ಲ, ಟಿಎನ್‌ಎಸ್‌ನೇಮ್ಸ್ ನೋಡಿ. 12541 ಎಂದರೆ ಫೈಲು ಸಿಕ್ಕಿದೆ, ಮನೆಯೂ ಸಿಕ್ಕಿದೆ, ಬಾಗಿಲಲ್ಲಿ ಯಾರೂ ಇಲ್ಲ. ಸರ್ವರಿನಲ್ಲಿ ಲಿಸನರ್ ಸರ್ವಿಸ್ ಆಫ್ ಆಗಿದೆಯೇ, ಪೋರ್ಟ್ ಸಂಖ್ಯೆ ತಪ್ಪಿದೆಯೇ ನೋಡಿ. ಮೈಎಸ್‌ಕ್ಯುಎಲ್‌ನಲ್ಲಿ 2003 ಬಂದರೆ ಸರ್ವರ್ ತನಕ ತಲುಪಿಲ್ಲ: ವಿಳಾಸ, ಫೈರ್‌ವಾಲ್ ಅಥವಾ ಸರ್ವಿಸ್. 1130 ಎಂದರೆ ತಲುಪಿದ್ದೀರಿ, ಆದರೆ ನಿಮ್ಮ ಸಿಸ್ಟಂನಿಂದ ಬರಲು ಅನುಮತಿ ಇಲ್ಲ. 1045 ಎಂದರೆ ಸಾಮಾನ್ಯವಾಗಿ ಹೆಸರೋ ಪಾಸ್‌ವರ್ಡೋ ತಪ್ಪು, ಸರ್ವರ್‌ನ ವಿಳಾಸದ ಸುದ್ದಿಗೆ ಹೋಗಬೇಡಿ. ಪೋಸ್ಟ್‌ಗ್ರೆಸ್ ಪಿಜಿ ಎಚ್‌ಬಿಎ ಎಂಬ ಹೆಸರೆತ್ತಿ ದೂರಿದರೆ ಆ ಫೈಲಿನಲ್ಲಿ ನಿಮಗೆ ಹೊಂದುವ ಸಾಲಿಲ್ಲ. ಎಸ್‌ಕ್ಯುಎಲ್ ಸರ್ವರ್‌ನ 26ನೇ ಎರರ್ ಇನ್‌ಸ್ಟೆನ್ಸ್‌ನ ಹೆಸರು ಸಿಗಲಿಲ್ಲ ಎನ್ನುತ್ತದೆ, ಸರ್ವರಿನಲ್ಲಿ 'ಎಸ್‌ಕ್ಯುಎಲ್ ಸರ್ವರ್ ಬ್ರೌಸರ್' ಎಂಬ ಸರ್ವಿಸ್ ಓಡುತ್ತಿದೆಯೇ ನೋಡಿ. ಈ ಎಸ್‌ಕ್ಯುಎಲ್ ಸರ್ವರ್‌ಗೆ ಒಂದು ಸಣ್ಣ ಉಪಾಯವಿದೆ. ಖಾಲಿ ಫೈಲೊಂದನ್ನು ಮಾಡಿ ಕೊನೆಗೆ ಡಾಟ್ ಯುಡಿಎಲ್ ಎಂದು ಹೆಸರಿಟ್ಟು ಎರಡು ಸಲ ಕ್ಲಿಕ್ ಮಾಡಿದರೆ ಸಂಪರ್ಕ ಪರೀಕ್ಷಿಸುವ ಕಿಟಕಿ ತೆರೆಯುತ್ತದೆ. ತಪ್ಪು ಸಾಫ್ಟ್‌ವೇರಿನದೋ ಸಂಪರ್ಕದ್ದೋ ಎಂದು ಒಂದು ನಿಮಿಷದಲ್ಲಿ ತೀರ್ಮಾನ.

ಎಂಜಿನಿಯರ್‌ಗೆ ಫೋನ್ ಮಾಡುವಾಗ "ಸರ್ವರ್ ಇಲ್ಲ" ಎನ್ನುವ ಬದಲು ಈ ಸಂಖ್ಯೆಯನ್ನು ಹೇಳಿ. "ಸರ್ವರ್ ಇಲ್ಲ" ಎಂಬ ಮಾತು ನಮ್ಮಲ್ಲಿ ಹುಟ್ಟಿದ್ದಕ್ಕೂ ಕಾರಣವಿದೆ. ಭೂಮಿ ಯೋಜನೆ ರಾಜ್ಯದ 177 ತಾಲ್ಲೂಕುಗಳಿಗೆ ಬಂದಾಗ ಪಹಣಿ ಕೊಡುವ ಕಂಪ್ಯೂಟರ್ ತಾಲ್ಲೂಕು ಕಚೇರಿಯಲ್ಲೇ ಇತ್ತು. ಆಮೇಲೆ ಎಲ್ಲ ಬೆಂಗಳೂರಿನ ಡೇಟಾ ಸೆಂಟರಿಗೆ ಹೋಯಿತು. ಅಲ್ಲಿನ ಲೈನ್ ಹೋದರೆ ಕಿಟಕಿಯಲ್ಲಿ ಕೂತವರು ಬೇರೇನು ಹೇಳಬೇಕು? ಆದರೆ ನಿಮ್ಮ ಅಂಗಡಿಯ ಸರ್ವರ್ ನಿಮ್ಮ ಮೇಜಿನ ಕೆಳಗೇ ಇದೆ, ಮುಟ್ಟಿ ನೋಡಬಹುದು.

ರೋಕಡಿ ನಿಯಮ

ಮಂಡಿಯ ಹಳೆಯ ಗುಮಾಸ್ತರು ರೋಕಡಿಯಲ್ಲಿ ತಪ್ಪು ಬಿದ್ದರೆ ಕೆರೆದು ಅಳಿಸುತ್ತಿರಲಿಲ್ಲ. ಜಮೆಯಾದದ್ದಕ್ಕೆ ಖರ್ಚು ಬರೆದು ಸರಿಮಾಡುತ್ತಿದ್ದರು, ಹಳೆಯದು ಕಾಣುವಂತೆಯೇ ಉಳಿಯುತ್ತಿತ್ತು. ಕಾನ್ಫಿಗ್ ಫೈಲಿಗೂ ಅದೇ ಶಿಸ್ತು. ತಿದ್ದುವ ಮೊದಲು ಫೈಲಿನ ನಕಲು ತೆಗೆದು ಹೆಸರಿನ ಕೊನೆಗೆ ಅಂದಿನ ತಾರೀಕು ಸೇರಿಸಿ. ಹಳೆಯ ಸಾಲನ್ನು ಅಳಿಸಬೇಡಿ, ಅದರ ಮುಂದೆ ಟಿಪ್ಪಣಿಯ ಚಿಹ್ನೆ ಹಾಕಿ ಕೆಳಗೆ ಹೊಸದನ್ನು ಬರೆಯಿರಿ, ಯಾರು, ಯಾವಾಗ, ಏಕೆ ಎಂದು ಒಂದು ಸಾಲು ಸೇರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದನ್ನೆಲ್ಲ ಬರೆದಿಡಲು ಒಂದು 20 ರೂಪಾಯಿಯ ನೋಟ್‌ಬುಕ್ ಸರ್ವರ್ ಪಕ್ಕದಲ್ಲಿರಲಿ, ಸಿಸ್ಟಂ ಕೆಟ್ಟ ದಿನ ಸಿಸ್ಟಂನೊಳಗಿನ ಟಿಪ್ಪಣಿ ಓದಲಾಗುವುದಿಲ್ಲ.

ತಿದ್ದಿದ ಮೇಲೆ ಮಾಡುವ ಒಂದು ತಪ್ಪು ಬಹಳ ದುಬಾರಿ. ಎಷ್ಟೋ ಬದಲಾವಣೆಗಳು ಸರ್ವರ್ ಮತ್ತೆ ಶುರುವಾದಾಗಲೇ ಜಾರಿಗೆ ಬರುತ್ತವೆ. ಒಂದು ಕಡೆ ಫೆಬ್ರುವರಿಯಲ್ಲಿ ಯಾರೋ ಒಂದು ಸಾಲು ತಪ್ಪಾಗಿ ಬರೆದಿಟ್ಟರು, ಸರ್ವರ್ ಹಳೆಯ ಲೆಕ್ಕದಲ್ಲೇ ಓಡುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಮೇ ತಿಂಗಳ ಗಾಳಿಮಳೆಗೆ ಕರೆಂಟ್ ಹೋಗಿ ಯುಪಿಎಸ್ ಬತ್ತಿ ಸರ್ವರ್ ಬಿದ್ದು, ಮತ್ತೆ ಏಳಲಿಲ್ಲ. ಎಲ್ಲರೂ ಮಳೆಯನ್ನು ಬೈದರು. ತಿದ್ದಿದ ದಿನವೇ, ಸಂಜೆ ಎಲ್ಲರೂ ಎದ್ದ ಮೇಲೆ, ಸರ್ವಿಸನ್ನು ಒಮ್ಮೆ ನಿಲ್ಲಿಸಿ ಶುರು ಮಾಡಿ ನೋಡಿಬಿಡಿ. ಮೈಎಸ್‌ಕ್ಯುಎಲ್ 8.0.16ರಿಂದ 'ವ್ಯಾಲಿಡೇಟ್ ಕಾನ್ಫಿಗ್' ಎಂಬ ಆಯ್ಕೆ ಇದೆ, ಶುರು ಮಾಡದೆಯೇ ಫೈಲಿನ ತಪ್ಪು ಹೇಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಆ ಕೆಲಸಕ್ಕೆ 'ಪಿಜಿ ಫೈಲ್ ಸೆಟ್ಟಿಂಗ್ಸ್' ಎಂಬ ಪಟ್ಟಿ ಇದೆ.

ಬ್ಯಾಕಪ್ ತೆಗೆಯುವವರು ಡೇಟಾ ಮಾತ್ರ ತೆಗೆದು ಕಾನ್ಫಿಗ್ ಬಿಟ್ಟಿರುತ್ತಾರೆ. ಕೆಲವು ಕೆಬಿ ತೂಕದ ಈ ಫೈಲುಗಳನ್ನೂ ಅದೇ ಪೆನ್‌ಡ್ರೈವಿಗೆ ಹಾಕಿ. ದೀಪಾವಳಿಯ ದಿನ ಮಂಡಿ ಅಂಗಡಿಗಳಲ್ಲಿ ಖಾತೆ ಪುಸ್ತಕದ ಜೊತೆ ಕಂಪ್ಯೂಟರಿಗೂ ಕುಂಕುಮ ಹಚ್ಚುತ್ತಾರಲ್ಲ, ವ್ಯಾಪಾರ ಇಲ್ಲದ ಆ ಒಂದು ಗಂಟೆ ಪರೀಕ್ಷೆಗೆ ಸಾಕು. ಪೂಜೆ ಮುಗಿದ ಮೇಲೆ ರೂಟರನ್ನು ಆಫ್ ಮಾಡಿ ಆನ್ ಮಾಡಿ, ಸರ್ವರನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ, ಒಂದೊಂದೇ ಸಿಸ್ಟಂ ತೆರೆದು ನೋಡಿ. ಯಾವುದು ತೆರೆಯಲಿಲ್ಲವೋ ಅದರೊಳಗೆ ಬಹುಶಃ ಯಾರೋ ಇನ್ನೂ ಹಳೆಯ ಸಂಖ್ಯೆ ಬರೆದಿಟ್ಟಿದ್ದಾರೆ.